ಪಾದವೇ ಏಕೆ? ಪೊಡಿಯಾಟ್ರಿ ಕಾಲೇಜಿನ ಸಂದರ್ಶನಕ್ಕೆ ನಾನು ನಡೆಸಿದ ತಯಾರಿ

ನನ್ನ ಮೊದಲ ಪೊಡಿಯಾಟ್ರಿ ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ನಾನು ತಡವರಿಸಿದೆ. "ಪಾದದ ವೈದ್ಯಶಾಸ್ತ್ರವನ್ನೇ ಏಕೆ ಆರಿಸಿಕೊಂಡಿರಿ?" ಎಂಬ ಮೊದಲ ಪ್ರಶ್ನೆಗೆ, ವಾರಗಟ್ಟಲೆ ಬಾಯಿಪಾಠ ಮಾಡಿಕೊಂಡಿದ್ದ ಉತ್ತರವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ್ದೆ. ರೋಗಿಗಳೊಡನೆ ವರ್ಷಗಟ್ಟಲೆ ಉಳಿಯುವ ಸಂಬಂಧ, ಕ್ಲಿನಿಕ್ಕಿನ ಕೆಲಸ ಮತ್ತು ಶಸ್ತ್ರಚಿಕಿತ್ಸೆ ಎರಡಕ್ಕೂ ಇರುವ ಅವಕಾಶ, ಹೊತ್ತು ಗೊತ್ತಿರುವ ದಿನಚರಿ ಎಂಬ ಮೂರು ಕಾರಣಗಳು ಅದರಲ್ಲಿದ್ದವು. ಎದುರಿಗೆ ಕುಳಿತಿದ್ದ ಪ್ರಾಧ್ಯಾಪಕರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, ಸ್ವಲ್ಪವೂ ಗಡಸಿಲ್ಲದ ದನಿಯಲ್ಲಿ, "ಇದೇ ಮಾತನ್ನು ಚರ್ಮರೋಗ ತಜ್ಞರಾಗಬೇಕೆನ್ನುವವರೂ ಹೇಳಬಹುದಲ್ಲವೇ? ಪಾದದ ಬಗ್ಗೆ ನೀವು ಇನ್ನೂ ಏನನ್ನೂ ಹೇಳಲಿಲ್ಲ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಆ ಕಾಲೇಜಿನಲ್ಲಿ ನನಗೆ ಸೀಟು ಸಿಗಲಿಲ್ಲ, ಮತ್ತು ಸಿಗದೇ ಇದ್ದದ್ದು ನ್ಯಾಯವಾಗಿಯೇ ಇತ್ತು ಎಂದು ಇಂದಿಗೂ ನಂಬಿದ್ದೇನೆ.

ಅಮೆರಿಕದಲ್ಲಿ ಪೊಡಿಯಾಟ್ರಿ ಓದಬೇಕೆಂದಿರುವ ಕನ್ನಡದ ವಿದ್ಯಾರ್ಥಿಗಳು ಕೆಲವರು ಈಚೆಗೆ ನನ್ನನ್ನು ಸಂದರ್ಶನದ ಬಗ್ಗೆ ಕೇಳುತ್ತಿದ್ದಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಂದೆಡೆ ಬರೆಯುತ್ತಿದ್ದೇನೆ. ಮೊದಲ ಸಂದರ್ಶನದಲ್ಲಿ ಸೋತ ಮೇಲೆ ಎರಡನೆಯದಕ್ಕೆ ನಾನು ಬೇರೆಯದೇ ರೀತಿಯಲ್ಲಿ ಸಿದ್ಧತೆ ನಡೆಸಿದೆ. ಆದ್ದರಿಂದ ಈ ಬರಹದ ಬಹುಪಾಲು ಆ ಎರಡನೆಯ ಸಿದ್ಧತೆಯನ್ನು ಕುರಿತದ್ದು.

ವಿಷಯ ಹೊಸದಾಗಿರುವವರಿಗೆ ಒಂದೆರಡು ಮಾತು. ಪೊಡಿಯಾಟ್ರಿಯ ಪದವಿಯನ್ನು ಡಿಪಿಎಂ, ಅಂದರೆ ಡಾಕ್ಟರ್ ಆಫ್ ಪೊಡಿಯಾಟ್ರಿಕ್ ಮೆಡಿಸಿನ್, ಎನ್ನುತ್ತಾರೆ. ನಾಲ್ಕು ವರ್ಷದ ಓದು, ಅದರ ಮೇಲೆ ಮೂರು ವರ್ಷದ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯ ತರಬೇತಿ. ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಸಿಪಿಎಂಇ. ಅರ್ಜಿಗಳೆಲ್ಲ ಎಎಸಿಪಿಎಂಎಎಸ್ ಎಂಬ ಒಂದೇ ಕೇಂದ್ರ ವ್ಯವಸ್ಥೆಯ ಮೂಲಕ ಹೋಗುತ್ತವೆ. ಪ್ರವೇಶವು ಒಂದೇ ದಿನ ಪಟ್ಟಿ ಹೊರಡಿಸುವ ಪದ್ಧತಿಯದ್ದಲ್ಲ. ಅರ್ಜಿಗಳು ಬಂದಂತೆ ಓದುತ್ತ, ಸಂದರ್ಶನಕ್ಕೆ ಕರೆಯುತ್ತ, ಸೀಟು ತುಂಬುತ್ತ ಹೋಗುತ್ತಾರೆ. ಆದ್ದರಿಂದ ಅರ್ಜಿ ಹಾಕಿದ ಮೇಲೆ ಕರೆ ಬಂದಾಗ ನೋಡೋಣ ಎಂದು ಕೂರುವುದು ತಪ್ಪು. ಕರೆ ಬೇಗ ಬರಬಹುದು, ಬೇಗ ಬಂದ ಕರೆಗೆ ಬೆಲೆಯೂ ಹೆಚ್ಚು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಸಂದರ್ಶನವು ಅಮೆರಿಕದಲ್ಲಿ ಸಾಮಾನ್ಯ ವೈದ್ಯ ಪದವಿಗಳಾದ ಎಂಡಿ ಅಥವಾ ಡಿಒ ಕಲಿಸುವ ಕಾಲೇಜುಗಳ ಸಂದರ್ಶನಕ್ಕಿಂತ ಒಂದು ಕಾರಣದಿಂದ ಭಿನ್ನ. ಅಲ್ಲಿ ಅಭ್ಯರ್ಥಿಗೆ ವೈದ್ಯನಾಗುವ ಮನಸ್ಸಿದೆಯೇ ಎಂದು ನೋಡುತ್ತಾರೆ. ಯಾವ ವಿಭಾಗ ಎಂಬುದನ್ನು ಮುಂದೆ ಓದುತ್ತಲೇ ನಿರ್ಧರಿಸಬಹುದು. ಇಲ್ಲಿ ಮೊದಲ ದಿನವೇ ವಿಭಾಗ ನಿರ್ಧಾರವಾಗಿರುತ್ತದೆ. ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿನಲ್ಲಿ, ಇನ್ನು ಮುಂದೆ ಜೀವನಪೂರ್ತಿ ಕಣಕಾಲು ಮತ್ತು ಪಾದವನ್ನೇ ನೋಡುತ್ತೇನೆ ಎಂದು ಹೇಳುವವರ ಮಾತಿನಲ್ಲಿ ನಿಜ ಎಷ್ಟಿದೆ ಎಂದು ಅಳೆಯುವುದೇ ಎದುರಿಗೆ ಕುಳಿತವರ ಕೆಲಸ. ಎಂಡಿ ಸೀಟು ಸಿಗದೆ ಇಲ್ಲಿಗೆ ಬಂದವರು ಇದ್ದಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು, ಹಾಗೆ ಬಂದವರಲ್ಲಿ ಅನೇಕರು ಒಳ್ಳೆಯ ಪೊಡಿಯಾಟ್ರಿಸ್ಟರಾಗಿದ್ದಾರೆ ಎಂಬುದೂ ಗೊತ್ತು. ಆದ್ದರಿಂದ "ನಾಳೆ ಬೆಳಿಗ್ಗೆ ಎಂಡಿ ಸೀಟು ಸಿಕ್ಕರೆ ಏನು ಮಾಡುತ್ತೀರಿ?" ಎಂಬ ಪ್ರಶ್ನೆ ಬಂದಾಗ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರ ಕೊಡಬೇಡಿ. ಹಿಂದೆ ಎಂಡಿಗೆ ಅರ್ಜಿ ಹಾಕಿದ್ದರೆ ಹಾಕಿದ್ದೆ ಎನ್ನಿ. ಆ ಬಳಿಕ ಏನನ್ನು ಕಂಡು ಮನಸ್ಸು ಇತ್ತ ತಿರುಗಿತು ಎಂಬುದನ್ನು ಹೇಳಿ. ಸುಳ್ಳು ಹೇಳಿದವರು ಮೂರನೆಯ ಉಪಪ್ರಶ್ನೆಗೆ ಸಿಕ್ಕಿಬೀಳುತ್ತಾರೆ.

ಹಾಗಾದರೆ ಆ ಉತ್ತರ ಎಲ್ಲಿಂದ ಬರಬೇಕು? ನನ್ನ ಅನುಭವದಲ್ಲಿ ಅದು ಬರುವುದು ಒಂದೇ ಕಡೆಯಿಂದ, ಪೊಡಿಯಾಟ್ರಿಸ್ಟರ ಪಕ್ಕದಲ್ಲಿ ನಿಂತು ಕಳೆದ ಗಂಟೆಗಳಿಂದ. ಶ್ಯಾಡೋಯಿಂಗ್ ಎಂದು ಎಲ್ಲರೂ ಕರೆಯುವ ಈ ಕೆಲಸವನ್ನು ನಾನು ಮೊದಲ ಸಲ ಬರೀ ಗಂಟೆಗಳ ಲೆಕ್ಕಕ್ಕಾಗಿ ಮಾಡಿದ್ದೆ. ಅರ್ಜಿಯಲ್ಲಿ ತುಂಬಲು ಒಂದು ಸಂಖ್ಯೆ, ಜತೆಗೆ ಆ ವೈದ್ಯರಿಂದ ಒಂದು ಶಿಫಾರಸು ಪತ್ರ ಸಿಕ್ಕಿದರೆ ಮುಗಿಯಿತು ಎಂದುಕೊಂಡಿದ್ದೆ. ಎರಡನೆಯ ಸಲ ಹೋದಾಗ ಜೇಬಿನಲ್ಲಿ ಒಂದು ಸಣ್ಣ ನೋಟುಪುಸ್ತಕ ಇಟ್ಟುಕೊಂಡೆ. ರೋಗಿಯ ಹೆಸರನ್ನಾಗಲಿ ಗುರುತನ್ನಾಗಲಿ ಎಂದೂ ಬರೆಯಲಿಲ್ಲ. ವೈದ್ಯರು ಮೊದಲು ಏನನ್ನು ನೋಡಿದರು, ಏನನ್ನು ಮುಟ್ಟಿದರು, ಯಾವ ಪ್ರಶ್ನೆ ಕೇಳಿದರು, ನಾನು ಊಹಿಸಿದ್ದಕ್ಕಿಂತ ಏನು ಬೇರೆಯಾಯಿತು ಎಂಬುದನ್ನು ಮಾತ್ರ ಆ ದಿನ ಸಂಜೆಯೇ ಬರೆದಿಡುತ್ತಿದ್ದೆ.

ಆ ಪುಸ್ತಕದಲ್ಲಿ ನನಗೆ ಹೆಚ್ಚು ನೆರವಾದದ್ದು ಒಂದು ಬೂಟಿನ ಕಥೆ. ಹಲವು ವರ್ಷಗಳಿಂದ ಮಧುಮೇಹವಿದ್ದ ಒಬ್ಬ ಹಿರಿಯರು ಅಂಗಾಲಿನ ಹುಣ್ಣಿಗಾಗಿ ಬಂದಿದ್ದರು. ಹುಣ್ಣು ಹೆಬ್ಬೆರಳಿನ ಬುಡದ ಕೆಳಗಿತ್ತು; ನಡೆಯುವಾಗ ಇಡೀ ಮೈಯ ಭಾರ ಬೀಳುವ ಜಾಗ ಅದು. ನಾನು ಹುಣ್ಣನ್ನೇ ನೋಡುತ್ತ ನಿಂತಿದ್ದೆ. ವೈದ್ಯರು ಮಾತ್ರ ಹುಣ್ಣಿಗಿಂತ ಮೊದಲು ಅವರು ಕಳಚಿಟ್ಟ ಬೂಟನ್ನು ಎತ್ತಿಕೊಂಡು, ಒಳಗೆ ಕೈ ಹಾಕಿ, ಬೆರಳಿನಿಂದ ಅಟ್ಟೆಯ ಉದ್ದಕ್ಕೂ ಸವರಿದರು. ಒಂದು ಸಣ್ಣ ಕಲ್ಲು ಅಟ್ಟೆಯೊಳಗೆ ಹೂತುಕೊಂಡಿತ್ತು. ಎಷ್ಟು ದಿನದಿಂದ ಇತ್ತೆಂದು ಆ ಹಿರಿಯರಿಗೆ ಗೊತ್ತಿರಲಿಲ್ಲ, ಏಕೆಂದರೆ ಅವರಿಗೆ ಅದು ಚುಚ್ಚಿದ್ದೇ ತಿಳಿದಿರಲಿಲ್ಲ. ಆಮೇಲೆ ವೈದ್ಯರು ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ತೆಗೆದುಕೊಂಡು ಪಾದದ ಬೇರೆ ಬೇರೆ ಜಾಗಗಳಲ್ಲಿ ಒತ್ತಿದರು. ಅದು 10 ಗ್ರಾಂ ಒತ್ತಡಕ್ಕೆ ಬಾಗುವಂತೆ ಮಾಡಿದ ಎಳೆ. ಅಷ್ಟು ಒತ್ತಿದಾಗಲೂ ತಿಳಿಯದಿದ್ದರೆ ಪಾದವನ್ನು ಕಾಪಾಡುವ ಅರಿವು ಅಲ್ಲಿ ಹೊರಟುಹೋಗಿದೆ ಎಂದರ್ಥ. ಕಣ್ಣು ಮುಚ್ಚಿಕೊಂಡಿದ್ದ ಹಿರಿಯರು ಒಂದು ಸಲವೂ "ಈಗ" ಎನ್ನಲಿಲ್ಲ.

ನೋವಿಲ್ಲದಿರುವುದೇ ಒಂದು ಕಾಯಿಲೆ ಎಂಬುದು ಆ ದಿನ ನನಗೆ ಅರ್ಥವಾಯಿತು. ಮನೆಗೆ ಬಂದು ಓದಿದಾಗ ಪಾಲ್ ಬ್ರಾಂಡ್ ಅವರ ಕೆಲಸದ ಪರಿಚಯವಾಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ಮಾಡುತ್ತಿದ್ದ ಈ ಶಸ್ತ್ರವೈದ್ಯರು, ರೋಗಿಗಳ ಬೆರಳುಗಳು ಹಾಳಾಗುತ್ತಿದ್ದುದು ಮಾಂಸ ತಾನಾಗಿ ಕೊಳೆತು ಅಲ್ಲ, ನೋವಿನ ಅರಿವಿಲ್ಲದೆ ಪದೇ ಪದೇ ಪೆಟ್ಟು ಬೀಳುವುದರಿಂದ ಎಂದು ತೋರಿಸಿದರು. 1960ರ ದಶಕದಲ್ಲಿ ಅವರು ಅಮೆರಿಕದ ಲೂಸಿಯಾನಾದಲ್ಲಿದ್ದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಪಾದ ಮತ್ತು ಮೊಣಕಾಲ ಕೆಳಗಿನ ಕಾಲಿಗೆ ಪೂರ್ತಿ ಅಂಟಿಕೊಂಡಿರುವಂತೆ ಹಾಕಿ, ಹುಣ್ಣಿನ ಮೇಲಿನ ಒತ್ತಡವನ್ನು ಎಲ್ಲ ಕಡೆಗೂ ಹಂಚುವ ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಎಂಬ ಪಟ್ಟಿಯು ಅಲ್ಲಿಂದ ಮಧುಮೇಹಿಗಳ ಪಾದದ ಚಿಕಿತ್ಸೆಗೂ ಹರಡಿತು. ಆ ಹಿರಿಯರ ಕಾಲಿಗೂ ಅದನ್ನೇ ಹಾಕಿದರು. ವಾರಕ್ಕೊಮ್ಮೆ ಬದಲಾಯಿಸುವಾಗಲೆಲ್ಲ ನಾನು ಅಲ್ಲಿರುವಂತೆ ನೋಡಿಕೊಂಡೆ. ಹುಣ್ಣು ವಾರದಿಂದ ವಾರಕ್ಕೆ ಕಿರಿದಾಗುವುದನ್ನು ಕಣ್ಣಾರೆ ಕಂಡ ಮೇಲೆ, "ಪಾದವೇ ಏಕೆ" ಎಂಬ ಪ್ರಶ್ನೆಗೆ ಬಾಯಿಪಾಠದ ಅಗತ್ಯವೇ ಬೀಳಲಿಲ್ಲ.

ಇದನ್ನು ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಸಂದರ್ಶನದ ತಯಾರಿಯೆಂದರೆ ಪ್ರಶ್ನೋತ್ತರಗಳ ಪಟ್ಟಿ ಎಂದು ನಾನೂ ತಿಳಿದಿದ್ದೆ. ಆದರೆ ಇಂತಹ ಮೂರೋ ನಾಲ್ಕೋ ಪ್ರಸಂಗಗಳನ್ನು ಅವುಗಳ ಎಲ್ಲ ವಿವರಗಳೊಂದಿಗೆ ನೆನಪಿನಲ್ಲಿಟ್ಟುಕೊಂಡರೆ, ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಅವುಗಳ ಸುತ್ತಲೇ ತಿರುಗುತ್ತವೆ. ತಂಡದಲ್ಲಿ ಕೆಲಸ ಮಾಡುವ ಬಗ್ಗೆ ಕೇಳಿದರೆ, ಹುಣ್ಣು ಮಾಯಬೇಕಾದರೆ ಮೊದಲು ಪಾದಕ್ಕೆ ರಕ್ತ ಹರಿಯಬೇಕೆಂದು ಪೊಡಿಯಾಟ್ರಿಸ್ಟರು ರಕ್ತನಾಳದ ಶಸ್ತ್ರವೈದ್ಯರನ್ನು ಕರೆಸಿದ ದಿನವನ್ನು ಹೇಳಬಹುದು. ಈ ಇಬ್ಬರ ಜೋಡಿಯನ್ನು ಆಸ್ಪತ್ರೆಗಳಲ್ಲಿ "ಟೋ ಅಂಡ್ ಫ್ಲೋ" (ಕಾಲ್ಬೆರಳು ಮತ್ತು ಹರಿವು) ಎಂದು ಕರೆಯುವ ರೂಢಿಯಿದೆ. ರೋಗಿಗೆ ತಿಳಿಹೇಳುವ ಬಗ್ಗೆ ಕೇಳಿದರೆ, ಬರಿಗಾಲಿನಲ್ಲಿ ನಡೆಯಬೇಡಿ, ಬೂಟು ಹಾಕುವ ಮೊದಲು ಒಳಗೆ ಕೈಯಾಡಿಸಿ ಎಂದು ಅದೇ ಮಾತನ್ನು ಪ್ರತಿ ಭೇಟಿಯಲ್ಲೂ ಬೇಸರವಿಲ್ಲದೆ ಹೇಳುತ್ತಿದ್ದ ವೈದ್ಯರ ನೆನಪು ಬರುತ್ತದೆ.

ಒಂದೇ ಬಗೆಯ ಕ್ಲಿನಿಕ್ಕಿನಲ್ಲಿ ಎಲ್ಲ ಗಂಟೆಗಳನ್ನೂ ಕಳೆಯಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಖಾಸಗಿ ಕ್ಲಿನಿಕ್ಕಿನಲ್ಲಿ ಹಿಮ್ಮಡಿ ನೋವು, ಮಾಂಸದೊಳಗೆ ಬೆಳೆದ ಉಗುರು, ಆಣಿ, ದಡ್ಡುಗಟ್ಟಿದ ಚರ್ಮ, ಉಗುರಿನ ಶಿಲೀಂಧ್ರ ಇವುಗಳೇ ಹೆಚ್ಚು. ಗಾಯದ ಚಿಕಿತ್ಸಾ ಕೇಂದ್ರದಲ್ಲಿ ಕಾಣುವುದು ಬೇರೆಯದೇ ಲೋಕ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಬನಿಯನ್ ಎನ್ನುವ, ಹೆಬ್ಬೆರಳು ಓರೆಯಾಗಿ ಬುಡ ಉಬ್ಬುವ ತೊಂದರೆಯನ್ನು ಮೂಳೆ ಕತ್ತರಿಸಿ ಸರಿಪಡಿಸುವುದನ್ನು ನೋಡಬಹುದು. "ಈ ವೃತ್ತಿಯಲ್ಲಿ ನಿಮಗೆ ಇಷ್ಟವಾಗದ ಭಾಗ ಯಾವುದು?" ಎಂಬ ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಕಾದರೆ, ದಿನಕ್ಕೆ ಹತ್ತಾರು ವೃದ್ಧರ ದಪ್ಪಗಾದ ಉಗುರು ಕತ್ತರಿಸುವ ಬೆಳಗನ್ನೂ ಒಮ್ಮೆ ಪೂರ್ತಿ ನೋಡಿರಬೇಕು. ಅದನ್ನು ಕೀಳು ಕೆಲಸ ಎಂದು ಭಾವಿಸುವವರಿಗೆ ಈ ವೃತ್ತಿ ಸರಿಹೊಂದಲಾರದು. ಅರಿವು ಕಳೆದುಕೊಂಡ ಪಾದದಲ್ಲಿ ಒಂದು ಉಗುರು ಪಕ್ಕದ ಬೆರಳನ್ನು ಕೊರೆದರೆ ಅಲ್ಲಿಂದಲೇ ಸೋಂಕು ಮೇಲೇರಬಹುದು.

ವೃತ್ತಿಯ ಬಗ್ಗೆ ಒಂದಿಷ್ಟು ತಿಳಿದಿರಬೇಕು. ಪೊಡಿಯಾಟ್ರಿಸ್ಟರು ಎಲ್ಲಿಯವರೆಗೆ ಚಿಕಿತ್ಸೆ ಮಾಡಬಹುದು ಎಂಬುದನ್ನು ಆಯಾ ರಾಜ್ಯದ ಕಾನೂನು ನಿರ್ಧರಿಸುತ್ತದೆ, ಕಣಕಾಲಿನ ವಿಷಯದಲ್ಲಿ ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವಿದೆ. ನೀವು ಹೋಗುತ್ತಿರುವ ಕಾಲೇಜು ಇರುವ ರಾಜ್ಯದ ನಿಯಮವನ್ನಾದರೂ ಓದಿಕೊಂಡು ಹೋಗಿ. ಅಮೆರಿಕ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಕಾನೂನಿನಲ್ಲಿ ವೈದ್ಯ ಎಂಬ ಪದದ ವ್ಯಾಖ್ಯೆಯೊಳಗೆ, ಅವರವರ ಪರವಾನಗಿಯ ವ್ಯಾಪ್ತಿಯಲ್ಲಿ, ಪೊಡಿಯಾಟ್ರಿಸ್ಟರೂ ಸೇರುತ್ತಾರೆ. ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಅವರನ್ನು ಇತರ ವೈದ್ಯರ ವೇತನ ವ್ಯವಸ್ಥೆಗೆ ಸೇರಿಸಿದ್ದು 2018ರ ವಿಎ ಮಿಷನ್ ಕಾಯ್ದೆ. ಪರವಾನಗಿಯ ಪರೀಕ್ಷೆಗೆ ಎಪಿಎಂಎಲ್ಇ ಎಂದು ಹೆಸರು, ಅದಕ್ಕೆ ಮೂರು ಹಂತಗಳಿವೆ. ಅಂಗರಚನೆಯ ಪರೀಕ್ಷೆಯನ್ನು ಸಂದರ್ಶನದಲ್ಲಿ ಯಾರೂ ನಡೆಸುವುದಿಲ್ಲ. ಆದರೂ ಪಾದದಲ್ಲಿ 26 ಮೂಳೆಗಳಿವೆ ಎಂಬುದು ಪಾದವೈದ್ಯರಾಗ ಹೊರಟವರಿಗೆ ತಿಳಿಯದಿದ್ದರೆ ಚೆನ್ನಾಗಿರುವುದಿಲ್ಲ.

"ನಮ್ಮ ಕಾಲೇಜನ್ನೇ ಏಕೆ?" ಎಂಬುದಕ್ಕೂ ಬಾಯಿಗೆ ಬಂದದ್ದನ್ನು ಹೇಳುವಂತಿಲ್ಲ. ಕಾಲೇಜುಗಳು ಕೆಲವೇ ಇವೆ, ಒಂದೊಂದಕ್ಕೂ ತನ್ನದೇ ಸ್ವಭಾವವಿದೆ. ನ್ಯೂಯಾರ್ಕಿನ ಕಾಲೇಜು 1911ರಷ್ಟು, ಷಿಕಾಗೋದಲ್ಲಿ ಆರಂಭವಾದ ಶೋಲ್ ಕಾಲೇಜು 1912ರಷ್ಟು ಹಳೆಯವು. ಟೆಕ್ಸಾಸಿನ ರಿಯೊ ಗ್ರಾಂಡ್ ಕಣಿವೆಯ ವಿಶ್ವವಿದ್ಯಾಲಯ ಮಧುಮೇಹ ತುಂಬ ಹೆಚ್ಚಿರುವ ಗಡಿ ಸೀಮೆಯಲ್ಲಿ 2022ರಲ್ಲಿ ತನ್ನ ಪೊಡಿಯಾಟ್ರಿ ಶಾಲೆಯನ್ನು ತೆರೆಯಿತು. ಡಿ ಮೊಯಿನ್ ವಿಶ್ವವಿದ್ಯಾಲಯದಂತಹ ಕಡೆ ಪೊಡಿಯಾಟ್ರಿ ವಿದ್ಯಾರ್ಥಿಗಳು ಮೂಲ ವಿಜ್ಞಾನದ ಹಲವು ಪಾಠಗಳನ್ನು ಡಿಒ ವಿದ್ಯಾರ್ಥಿಗಳ ಜತೆಯಲ್ಲೇ ಕೂತು ಕಲಿಯುತ್ತಾರೆ. ಇಂತಹ ವಿವರವೊಂದು ನಿಮ್ಮ ಬದುಕಿಗೆ ಎಲ್ಲಿ ತಾಗುತ್ತದೆ ಎಂದು ಯೋಚಿಸಿಟ್ಟುಕೊಂಡರೆ ಸಾಕು.

ಸಂದರ್ಶನದ ರೂಪ ಎಲ್ಲ ಕಡೆ ಒಂದೇ ಅಲ್ಲ. ಕೆಲವು ಕಡೆ ಒಬ್ಬ ಪ್ರಾಧ್ಯಾಪಕರು, ಕೆಲವು ಕಡೆ ಇಬ್ಬರು ಮೂವರ ಸಮಿತಿ, ಇನ್ನು ಕೆಲವು ಕಡೆ ಎಂಎಂಐ, ಅಂದರೆ ಒಂದಾದ ಮೇಲೊಂದರಂತೆ ನಡೆಯುವ ಹಲವು ಕಿರು ಸಂದರ್ಶನಗಳು. ಈ ಎಂಎಂಐ ಪದ್ಧತಿ ಹುಟ್ಟಿದ್ದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ, 2000ದ ದಶಕದ ಆರಂಭದಲ್ಲಿ. ಬಾಗಿಲ ಹೊರಗೆ ಅಂಟಿಸಿದ ಒಂದು ಸನ್ನಿವೇಶವನ್ನು ಒಂದೆರಡು ನಿಮಿಷ ಓದಿ, ಒಳಗೆ ಹೋಗಿ ಕೆಲವೇ ನಿಮಿಷ ಮಾತನಾಡಿ, ಗಂಟೆ ಬಾರಿಸಿದ ಕೂಡಲೇ ಮುಂದಿನ ಕೋಣೆಗೆ ನಡೆಯಬೇಕು. ಒಂದು ಕೋಣೆಯಲ್ಲಿ ಎಡವಿದರೂ ಮುಂದಿನ ಕೋಣೆಯಲ್ಲಿರುವವರಿಗೆ ಅದು ತಿಳಿಯುವುದಿಲ್ಲ. ಇದು ದೊಡ್ಡ ಸಮಾಧಾನ, ಆದರೆ ಹಿಂದಿನ ಕೋಣೆಯ ಸಂಕಟವನ್ನು ಹೊತ್ತುಕೊಂಡು ಹೋಗುವವರಿಗೆ ಆ ಸಮಾಧಾನ ದಕ್ಕುವುದಿಲ್ಲ.

ನಾನು ಗೆಳೆಯರೊಡನೆ ಅಭ್ಯಾಸ ಮಾಡಿದ ಒಂದು ಸನ್ನಿವೇಶವನ್ನು ಹೇಳುತ್ತೇನೆ. ರೋಗಿಯೊಬ್ಬರ ಕಾಲ್ಬೆರಳು ರಕ್ತವಿಲ್ಲದೆ ಸತ್ತು ಕಪ್ಪಾಗಿದೆ, ಅದನ್ನು ತೆಗೆಯದಿದ್ದರೆ ಸೋಂಕು ಪಾದಕ್ಕೆ ಏರುವ ಅಪಾಯವಿದೆ, ಅವರು ಒಪ್ಪುತ್ತಿಲ್ಲ. ಹೊರಗೆ ಮಗಳು ನಿಮ್ಮನ್ನು ತಡೆದು, ಹೇಗಾದರೂ ಒಪ್ಪಿಸಿ, ಬೇಕಾದರೆ ಸ್ವಲ್ಪ ಹೆದರಿಸಿ ಎನ್ನುತ್ತಾಳೆ. ಮೊದಲ ಅಭ್ಯಾಸದಲ್ಲಿ ನಾನು ಸ್ವಾಯತ್ತತೆ, ಹಿತ, ಅಹಿಂಸೆ, ನ್ಯಾಯ ಎಂಬ ವೈದ್ಯಕೀಯ ನೀತಿಯ ನಾಲ್ಕು ತತ್ತ್ವಗಳನ್ನು ಹೆಸರಿಸಿ, ರೋಗಿಯ ಇಚ್ಛೆಯೇ ಅಂತಿಮ ಎಂದು ಮುಗಿಸಿದೆ. ಎದುರಿಗಿದ್ದ ಗೆಳತಿ, "ಅವರು ಏಕೆ ಒಪ್ಪುತ್ತಿಲ್ಲ ಎಂದು ನೀನು ಕೇಳಲೇ ಇಲ್ಲ" ಎಂದಳು. ನಾನು ಬಿಟ್ಟದ್ದು ಅದನ್ನೇ. ಬಲ್ಲವರೊಬ್ಬರಿಗೆ ಬೆರಳು ತೆಗೆದ ಮೇಲೆ ಪಾದ, ಪಾದದ ಮೇಲೆ ಕಾಲು ಎಂದು ಹೋಗುತ್ತಲೇ ಇದ್ದುದನ್ನು ಅವರು ನೋಡಿರಬಹುದು. ಕೆಲಸಕ್ಕೆ ಹೋಗಲಾಗದ ದಿನಗಳ ಚಿಂತೆ ಇರಬಹುದು. ಹೇಳಿದ್ದು ಅರ್ಥವಾಗದೆಯೂ ಇರಬಹುದು. ಮೊದಲು ಕೇಳಬೇಕು, ಅವರು ಅರ್ಥಮಾಡಿಕೊಂಡು ನಿರ್ಧರಿಸುವ ಸ್ಥಿತಿಯಲ್ಲಿದ್ದಾರೆಯೇ ಎಂದು ನೋಡಬೇಕು, ರಕ್ತದ ಹರಿವನ್ನು ಹೆಚ್ಚಿಸುವ ದಾರಿ ಇದೆಯೇ ಎಂದು ರಕ್ತನಾಳ ತಜ್ಞರನ್ನು ವಿಚಾರಿಸಬೇಕು, ಕಾಯಲು ಎಷ್ಟು ಸಮಯವಿದೆ ಎಂಬುದನ್ನು ಮುಚ್ಚಿಡದೆ ತಿಳಿಸಬೇಕು. ಮಗಳೊಡನೆ ಚಿಕಿತ್ಸೆಯ ವಿಷಯ ಮಾತನಾಡಲು ರೋಗಿಯ ಒಪ್ಪಿಗೆ ಬೇಕು, ಆದರೆ ಅವಳ ಆತಂಕವನ್ನು ಕೇಳಿಸಿಕೊಳ್ಳಲು ಯಾರ ಒಪ್ಪಿಗೆಯೂ ಬೇಕಿಲ್ಲ. ಇಷ್ಟಾದ ಮೇಲೂ ಅವರು ಬೇಡವೆಂದರೆ ಆ ಮಾತನ್ನು ಗೌರವಿಸಿ, ಮುಂದಿನ ಭೇಟಿಯ ದಿನವನ್ನು ಗೊತ್ತುಮಾಡಬೇಕು. ತತ್ತ್ವಗಳ ಹೆಸರು ಗೊತ್ತಿರುವುದು ಒಳ್ಳೆಯದೇ. ಅಂಕ ಸಿಗುವುದು ಈ ಕೇಳುವ ಕ್ರಮಕ್ಕೆ.

ಅಂಕಪಟ್ಟಿಯಲ್ಲಿ ಕಲೆಯಿದ್ದರೆ ಅದನ್ನೂ ಕೇಳುತ್ತಾರೆ. ನನ್ನ ಸಾವಯವ ರಸಾಯನಶಾಸ್ತ್ರದ ಒಂದು ಸೆಮಿಸ್ಟರ್ ಕೆಟ್ಟಿತ್ತು. ಏನಾಯಿತು, ಅದರಲ್ಲಿ ನನ್ನ ತಪ್ಪೆಷ್ಟು, ಮುಂದಿನ ಸೆಮಿಸ್ಟರಿನಲ್ಲಿ ಓದುವ ಕ್ರಮವನ್ನು ಹೇಗೆ ಬದಲಾಯಿಸಿದೆ ಎಂಬುದನ್ನು ನಾಲ್ಕು ವಾಕ್ಯದಲ್ಲಿ ಹೇಳಿ ನಿಲ್ಲಿಸಿದೆ. ಹೆಚ್ಚು ವಿವರಿಸಿದಷ್ಟೂ ಅದು ನೆಪದಂತೆ ಕೇಳಿಸುತ್ತದೆ.

ಅಭ್ಯಾಸವನ್ನು ಗಟ್ಟಿಯಾಗಿ, ಬಾಯಿಬಿಟ್ಟು ಮಾಡಬೇಕು. ನಾನು ಫೋನಿನಲ್ಲಿ ನನ್ನನ್ನೇ ಚಿತ್ರೀಕರಿಸಿಕೊಂಡು ನೋಡಿದಾಗ, ಪ್ರತಿ ಉತ್ತರವೂ ಎರಡು ನಿಮಿಷ ದಾಟುತ್ತಿರುವುದು ಮತ್ತು ಕೊನೆಯ ವಾಕ್ಯದಲ್ಲಿ ದನಿ ಕುಗ್ಗುತ್ತಿರುವುದು ಕಂಡಿತು. ಉತ್ತರಗಳನ್ನು ಬರೆದಿಡಲಿಲ್ಲ, ಪ್ರಸಂಗದ ಹೆಸರನ್ನಷ್ಟೇ, "ಬೂಟಿನ ಕಲ್ಲು" ಎಂಬಂತೆ, ಒಂದು ಚೀಟಿಯಲ್ಲಿ ಬರೆದುಕೊಂಡೆ. ಹಾಗೆ ಮಾಡಿದ್ದರಿಂದ ಒಂದೇ ಕಥೆ ಪ್ರತಿ ಸಲವೂ ಸ್ವಲ್ಪ ಬೇರೆ ಮಾತಿನಲ್ಲಿ ಬಂತು, ಗಿಳಿಪಾಠವಾಗಲಿಲ್ಲ. ಸಂದರ್ಶನ ವಿಡಿಯೊ ಮೂಲಕ ಇದ್ದರೆ ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ, ಬೆಳಕು ಮುಖದ ಎದುರಿನಿಂದ ಬರಲಿ. ಇವು ಸಣ್ಣ ವಿಷಯಗಳು, ಹಿಂದಿನ ದಿನವೇ ಮುಗಿಸಿಬಿಡಿ.

ಕೊನೆಯಲ್ಲಿ "ನಮ್ಮನ್ನು ಕೇಳಬೇಕಾದ ಪ್ರಶ್ನೆಯೇನಾದರೂ ಇದೆಯೇ?" ಎಂದಾಗ ಇಲ್ಲ ಎನ್ನಬೇಡಿ. ಕಳೆದ ವರ್ಷ ಪದವಿ ಪಡೆದವರಲ್ಲಿ ಎಲ್ಲರಿಗೂ ರೆಸಿಡೆನ್ಸಿ ಸಿಕ್ಕಿತೇ, ಎಪಿಎಂಎಲ್ಇ ಮೊದಲ ಭಾಗದಲ್ಲಿ ಹಿಂದೆ ಬಿದ್ದವರಿಗೆ ಕಾಲೇಜು ಯಾವ ನೆರವು ಕೊಡುತ್ತದೆ, ಮೂರನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಯಾವ ಆಸ್ಪತ್ರೆಗಳಿಗೆ ಹೋಗುತ್ತಾರೆ ಎಂದು ಕೇಳಿ. ತೇರ್ಗಡೆಯ ಅಂಕಿಅಂಶಗಳನ್ನು ಕಾಲೇಜುಗಳೇ ಪ್ರಕಟಿಸುತ್ತವೆ; ಅವನ್ನು ಓದಿಕೊಂಡೇ ಪ್ರಶ್ನೆ ಕೇಳಿದರೆ ಗಂಭೀರವಾಗಿ ಉತ್ತರಿಸುತ್ತಾರೆ. ಏಳು ವರ್ಷವನ್ನೂ ದೊಡ್ಡ ಸಾಲವನ್ನೂ ಒಪ್ಪಿಕೊಳ್ಳಹೊರಟವರಿಗೆ ಇವನ್ನು ಕೇಳುವ ಹಕ್ಕಿದೆ.

ನನ್ನ ಎರಡನೆಯ ಸಂದರ್ಶನದಲ್ಲಿಯೂ ಮೊದಲ ಪ್ರಶ್ನೆ ಅದೇ ಬಂತು. ನಾನು ಬೂಟಿನ ಕಥೆಯನ್ನು ಹೇಳಿದೆ. ಕೇಳುತ್ತಿದ್ದ ವೈದ್ಯೆ ನಡುವೆಯೇ ತಡೆದು, "ಕಲ್ಲು ಯಾವ ಕಡೆಗಿತ್ತು? ಹುಣ್ಣಿಗೆ ಸರಿಯಾಗಿ ಹೊಂದಿತೇ?" ಎಂದು ಕೇಳಿದರು. ಹೊಂದಿರಲಿಲ್ಲ. ಕಲ್ಲು ಹಿಮ್ಮಡಿಯ ಕಡೆಗಿತ್ತು, ಹುಣ್ಣು ಮುಂಗಾಲಿನಲ್ಲಿತ್ತು. ಹುಣ್ಣಿಗೆ ಕಾರಣ ಕಲ್ಲಲ್ಲ, ದಡ್ಡುಗಟ್ಟಿದ ಚರ್ಮದ ಮೇಲೆ ಹೆಜ್ಜೆಹೆಜ್ಜೆಗೂ ಬೀಳುತ್ತಿದ್ದ ಒತ್ತಡ ಎಂದು ವೈದ್ಯರು ಅಂದೇ ಹೇಳಿದ್ದು ನನ್ನ ನೋಟುಪುಸ್ತಕದಲ್ಲಿತ್ತು. ಅದನ್ನು ಹೇಳಿದಾಗ ಆಕೆ ತಮ್ಮ ಎದುರಿಗಿದ್ದ ಪ್ರಶ್ನೆಗಳ ಹಾಳೆಯನ್ನು ಪಕ್ಕಕ್ಕೆ ಸರಿಸಿದರು. ಉಳಿದ ಸಮಯದಲ್ಲಿ ಬಹುಪಾಲು ನಾವಿಬ್ಬರೂ ಆ ಪಾದದ ಬಗ್ಗೆಯೇ ಮಾತನಾಡಿದೆವು.